ನೆಲದ ಸೈನಿಕನಿಗೆ ಆಕಾಶದ ಆಸರೆ: ಯಾರ ಹೊಣೆ?

1971ರ ಡಿಸೆಂಬರ್ 4ರ ರಾತ್ರಿ. ರಾಜಸ್ಥಾನದ ಮರುಭೂಮಿಯಲ್ಲಿ ಲೊಂಗೇವಾಲಾ ಎಂಬ ಪುಟ್ಟ ಗಡಿ ಠಾಣೆ. ಅಲ್ಲಿ ಕಾವಲಿದ್ದವರು ಪಂಜಾಬ್ ರೆಜಿಮೆಂಟಿನ 23ನೇ ಬೆಟಾಲಿಯನ್ನಿನ ಸುಮಾರು 120 ಮಂದಿ. ಅವರ ನಾಯಕ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ. ಎದುರಿಗೆ ಬಂದದ್ದು ನಲವತ್ತಕ್ಕೂ ಹೆಚ್ಚು ಟ್ಯಾಂಕುಗಳ ಪಾಕಿಸ್ತಾನಿ ಪಡೆ. ಮೇಜರ್ ಚಾಂದ್‌ಪುರಿ ನೆರವು ಕೋರಿದರು. ಜೈಸಲ್ಮೇರ್ ನೆಲೆಯಲ್ಲಿ ವಾಯುಪಡೆಯ ಹಂಟರ್ ವಿಮಾನಗಳಿದ್ದವು. ಆದರೆ ಕತ್ತಲಲ್ಲಿ ನೆಲದ ಗುರಿಯನ್ನು ಕಾಣುವ ಉಪಕರಣ ಅವುಗಳಲ್ಲಿ ಇರಲಿಲ್ಲ. ಬೆಳಗಾಗುವವರೆಗೆ ಠಾಣೆ ತಾನೇ ತಡೆದು ನಿಲ್ಲಬೇಕಾಯಿತು; ನಿಂತಿತು.

ಬೆಳಕು ಹರಿಯುತ್ತಲೇ ಹಂಟರ್‌ಗಳು ಬಂದವು. ಮರಳಿನ ಬಯಲಿನಲ್ಲಿ ಮರೆಯಿಲ್ಲದೆ ಸಿಕ್ಕಿಬಿದ್ದ ಟ್ಯಾಂಕುಗಳ ಮೇಲೆ ರಾಕೆಟ್ ಮತ್ತು 30 ಮಿ.ಮೀ. ಫಿರಂಗಿಗಳಿಂದ ದಾಳಿ ನಡೆಸಿದವು. ದಾಳಿ ಮುರಿಯಿತು. ಇಷ್ಟು ಕಥೆ ಅನೇಕರಿಗೆ ಗೊತ್ತು. ಅದೇ ಆಕಾಶದಲ್ಲಿ ಇನ್ನೊಂದು ವಿಮಾನವೂ ಇತ್ತೆಂಬುದು ಅಷ್ಟಾಗಿ ಗೊತ್ತಿಲ್ಲ. ಅದು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ 'ಕೃಷಕ್' ಎಂಬ ಸಣ್ಣ, ನಿಧಾನಗತಿಯ ವಿಮಾನ. ಅದನ್ನು ಹಾರಿಸುತ್ತಿದ್ದವರು ವಾಯುಪಡೆಯವರಲ್ಲ, ಭೂಸೇನೆಯ ಅಧಿಕಾರಿ ಮೇಜರ್ ಆತ್ಮಾ ಸಿಂಗ್. ಟ್ಯಾಂಕುಗಳು ಎಲ್ಲಿವೆ ಎಂಬುದನ್ನು ಅವರು ರೇಡಿಯೋ ಮೂಲಕ ಹಂಟರ್ ಚಾಲಕರಿಗೆ ತಿಳಿಸುತ್ತಿದ್ದರು.

ಹೊಡೆದ ವಿಮಾನ ವಾಯುಪಡೆಯದು, ದಾರಿ ತೋರಿಸಿದ ವಿಮಾನ ಭೂಸೇನೆಯದು, ತಡೆದು ನಿಂತವರು ಪದಾತಿಗಳು. ಹಾಗಾದರೆ ನೆಲದಲ್ಲಿ ಕಾದುವ ಸೈನಿಕನಿಗೆ ಆಕಾಶದಿಂದ ನೆರವು ಕೊಡುವ ಹೊಣೆ ಯಾವ ಪಡೆಯದಾಗಬೇಕು? ಜಗತ್ತಿನ ದೊಡ್ಡ ಸೇನೆಗಳೆಲ್ಲ ಎಂಬತ್ತು ವರ್ಷಗಳಿಂದ ಚರ್ಚಿಸುತ್ತಿರುವ ಪ್ರಶ್ನೆ ಇದು.

ಏನಿದು ನಿಕಟ ವಾಯು ನೆರವು?

ಯುದ್ಧವಿಮಾನಗಳ ಕೆಲಸ ಹಲವು ಬಗೆ. ಶತ್ರುವಿಮಾನಗಳನ್ನು ಹೊಡೆದುರುಳಿಸುವುದು ಒಂದು. ಗಡಿಯಾಚೆ ದೂರದಲ್ಲಿರುವ ಸೇತುವೆ, ರೈಲುದಾರಿ, ಮದ್ದುಗುಂಡಿನ ಉಗ್ರಾಣಗಳನ್ನು ನಾಶಮಾಡುವುದು ಇನ್ನೊಂದು. ಮೂರನೆಯದು, ನಮ್ಮ ಸೈನಿಕರಿಗೆ ತೀರ ಸಮೀಪದಲ್ಲಿರುವ ಶತ್ರುವಿನ ಮೇಲೆ, ಆ ಸೈನಿಕರ ಚಲನೆಗೆ ಹೊಂದಿಕೊಂಡು ದಾಳಿ ಮಾಡುವುದು. ಇದನ್ನೇ 'ಕ್ಲೋಸ್ ಏರ್ ಸಪೋರ್ಟ್' ಅಥವಾ ನಿಕಟ ವಾಯು ನೆರವು ಎನ್ನುತ್ತಾರೆ.

ಇಲ್ಲಿ 'ಸಮೀಪ' ಎಂಬ ಮಾತಿನಲ್ಲೇ ಅಪಾಯವಿದೆ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಹಾರುವ ವಿಮಾನ ಸೆಕೆಂಡಿಗೆ 250 ಮೀಟರ್ ಸಾಗುತ್ತದೆ. ನಮ್ಮವರಿಗೂ ಶತ್ರುವಿಗೂ ನಡುವೆ 300 ಮೀಟರ್ ಅಂತರವಿದ್ದರೆ ಅದನ್ನು ದಾಟಲು ವಿಮಾನಕ್ಕೆ ಬೇಕಾದದ್ದು 1.2 ಸೆಕೆಂಡು ಮಾತ್ರ. ಗುಂಡಿ ಒತ್ತುವುದು ಒಂದು ಸೆಕೆಂಡು ಹೆಚ್ಚುಕಡಿಮೆಯಾದರೂ ಬಾಂಬು ಬೀಳುವುದು ನಮ್ಮವರ ತಲೆಯ ಮೇಲೆಯೇ.

ನಿಧಾನವಾಗಿ ಹಾರಬಹುದಲ್ಲ ಎಂದು ನೀವು ಕೇಳಬಹುದು. ಹಾರಬಹುದು, ಅದರಿಂದ ಲಾಭವೂ ಇದೆ. ವಿಮಾನ ತಿರುಗುವಾಗ ಅದು ಬರೆಯುವ ವೃತ್ತದ ತ್ರಿಜ್ಯ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬುದನ್ನು ನೀವು ಭೌತಶಾಸ್ತ್ರದಲ್ಲಿ ಓದಿರುತ್ತೀರಿ. ಗುರುತ್ವದ ನಾಲ್ಕು ಪಟ್ಟು ವೇಗೋತ್ಕರ್ಷದಲ್ಲಿ ತಿರುಗಿದರೆ, ಸೆಕೆಂಡಿಗೆ 250 ಮೀಟರ್ ವೇಗದ ವಿಮಾನಕ್ಕೆ ಸುಮಾರು 1,600 ಮೀಟರ್ ತ್ರಿಜ್ಯ ಬೇಕು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಸುಮಾರು 400 ಮೀಟರ್ ಸಾಕು. ಹೀಗಾಗಿ ನಿಧಾನದ ವಿಮಾನ ಗುರಿಯನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಎರಗಬಲ್ಲದು. ಆದರೆ ನೆಲದಿಂದ ಹಾರಿಸುವ ಗುಂಡಿಗೂ ಕ್ಷಿಪಣಿಗೂ ಅದೇ ಸುಲಭದ ತುತ್ತು. ವೇಗದ ವಿಮಾನ ತಾನು ಬದುಕುತ್ತದೆ, ಗುರಿ ಕಾಣುವುದು ಕಷ್ಟ. ನಿಧಾನದ ವಿಮಾನ ಗುರಿ ಕಾಣುತ್ತದೆ, ತಾನು ಬದುಕುವುದು ಕಷ್ಟ. ಪಡೆಗಳ ನಡುವಿನ ವಾದಕ್ಕೆ ಈ ಇಕ್ಕಟ್ಟೇ ಬೇರು.

ಎರಡು ಪಕ್ಷ, ಎರಡು ವಾದ

ಭೂಸೇನೆಯ ವಾದ ಸರಳ. ಸಾಯುತ್ತಿರುವವರು ನಮ್ಮವರು. ನೆರವು ಬೇಕಾದ ಗಳಿಗೆಯಲ್ಲಿ ಇನ್ನೊಂದು ಪಡೆಗೆ ಕೋರಿಕೆ ಕಳಿಸಿ ಕಾಯುತ್ತ ಕೂರಲಾಗದು. ಫಿರಂಗಿಗಳು ನಮ್ಮ ಕೈಯಲ್ಲಿರುವಂತೆ ನೆರವಿನ ವಿಮಾನಗಳೂ ನಮ್ಮ ಕೈಯಲ್ಲಿರಲಿ. ನಮ್ಮ ಜೊತೆಯಲ್ಲೇ ಇದ್ದು, ನಮ್ಮ ಜೊತೆಯಲ್ಲೇ ಉಂಡು, ನಮ್ಮ ನಕ್ಷೆ ಓದಬಲ್ಲ ಚಾಲಕನೇ ನಮಗೆ ಬೇಕು.

ವಾಯುಪಡೆಯ ವಾದವೂ ಗಟ್ಟಿಯಾದದ್ದೇ. ವಿಮಾನದ ದೊಡ್ಡ ಗುಣ ಅದರ ಚಲನಶಕ್ತಿ. ಇಂದು ಇಲ್ಲಿ, ನಾಳೆ 500 ಕಿಲೋಮೀಟರ್ ಆಚೆ, ಅಗತ್ಯವಿದ್ದಲ್ಲಿ ಒಟ್ಟಾಗಿ ಎರಗಬಲ್ಲದು. ಇರುವ ವಿಮಾನಗಳನ್ನು ಪ್ರತಿಯೊಂದು ಡಿವಿಷನ್ನಿಗೂ ನಾಲ್ಕು ನಾಲ್ಕರಂತೆ ಹಂಚಿಬಿಟ್ಟರೆ, ಕದನವಿಲ್ಲದ ಕಡೆ ಅವು ಸುಮ್ಮನೆ ನಿಂತಿರುತ್ತವೆ, ಕದನವಿರುವ ಕಡೆ ಸಾಲದಾಗುತ್ತವೆ. ಅಷ್ಟೇ ಅಲ್ಲ, ಆಕಾಶ ಮೊದಲು ನಮ್ಮದಾಗಬೇಕು. ಶತ್ರುವಿನ ಫೈಟರ್‌ಗಳು ಮೇಲೆ ಸುತ್ತುತ್ತಿರುವಾಗ ನೆಲದವರಿಗೆ ನೆರವು ಎಲ್ಲಿಂದ ಬಂದೀತು?

ಮರುಭೂಮಿಯ ಪಾಠ, ನಾರ್ಮಂಡಿಯ ಪಾಠ

ಎರಡನೆಯ ಮಹಾಯುದ್ಧದಲ್ಲಿ ಈ ವಾದಗಳೆರಡೂ ಒರೆಗೆ ಬಿದ್ದವು. 1943ರ ಫೆಬ್ರುವರಿಯಲ್ಲಿ ಟ್ಯುನೀಶಿಯದ ಕ್ಯಾಸರೀನ್ ಕಣಿವೆಯಲ್ಲಿ ಅಮೆರಿಕದ ಪಡೆಗಳು ಜರ್ಮನರಿಂದ ಪೆಟ್ಟು ತಿಂದವು. ಆ ಹೊತ್ತಿಗೆ ಅಲ್ಲಿನ ವಿಮಾನಗಳನ್ನು ಭೂಸೇನೆಯ ಅಧಿಕಾರಿಗಳ ನಡುವೆ ಹಂಚಲಾಗಿತ್ತು. ಪ್ರತಿಯೊಬ್ಬರೂ ತಮ್ಮ ತಲೆಯ ಮೇಲೆ ಕೊಡೆ ಹಿಡಿದಂತೆ ವಿಮಾನಗಳು ಸುತ್ತುತ್ತಿರಲಿ ಎಂದು ಬಯಸುತ್ತಿದ್ದರು. ಒಟ್ಟಾಗಿ ಬಂದ ಜರ್ಮನ್ ವಿಮಾನಗಳಿಗೆ ಚದುರಿದ ಈ ಕೊಡೆಗಳು ತಡೆಯಾಗಲಿಲ್ಲ.

ಅದೇ ಉತ್ತರ ಆಫ್ರಿಕದಲ್ಲಿ ಬ್ರಿಟಿಷರು ಬೇರೆ ದಾರಿ ಹಿಡಿದಿದ್ದರು. 8ನೇ ಸೇನೆಯ ಮಾಂಟ್‌ಗೊಮೆರಿ ಮತ್ತು ಮರುಭೂಮಿ ವಾಯುಪಡೆಯ ಕನಿಂಗ್‌ಹ್ಯಾಮ್ ತಮ್ಮ ಮುಖ್ಯ ಕಚೇರಿಗಳನ್ನು ಅಕ್ಕಪಕ್ಕದಲ್ಲೇ ಹೂಡಿದ್ದರು. ವಿಮಾನಗಳ ಆಜ್ಞೆ ಒಬ್ಬ ವಾಯುಪಡೆಯ ಅಧಿಕಾರಿಯದು, ಆದರೆ ಯೋಜನೆ ಇಬ್ಬರದೂ. ಈ ಪಾಠವನ್ನು ಅಮೆರಿಕನ್ನರು 1943ರ ಜುಲೈನಲ್ಲಿ ತಮ್ಮ ಸೇನಾ ಕೈಪಿಡಿಯಲ್ಲೇ ಬರೆದುಕೊಂಡರು: ಭೂಶಕ್ತಿ, ವಾಯುಶಕ್ತಿ ಎರಡೂ ಸಮಾನ, ಒಂದು ಇನ್ನೊಂದರ ಅಡಿಯಾಳಲ್ಲ.

ಆದರೆ ಸಮಾನತೆಯೊಂದೇ ಸಾಲದೆಂದು ಮರುವರ್ಷ ನಾರ್ಮಂಡಿ ತೋರಿಸಿತು. 1944ರ ಜುಲೈ 25ರಂದು ಜರ್ಮನ್ ಸಾಲುಗಳ ಮೇಲೆ ಬೀಳಬೇಕಾಗಿದ್ದ ಬಾಂಬುಗಳಲ್ಲಿ ಕೆಲವು ಅಮೆರಿಕದ ಪಡೆಗಳ ಮೇಲೆಯೇ ಬಿದ್ದವು. 111 ಮಂದಿ ಸತ್ತರು, 490 ಮಂದಿ ಗಾಯಗೊಂಡರು. ಸತ್ತವರಲ್ಲಿ ಲೆಫ್ಟಿನೆಂಟ್ ಜನರಲ್ ಲೆಸ್ಲಿ ಮ್ಯಾಕ್‌ನೇರ್ ಕೂಡ ಒಬ್ಬರು. ದೂರದಿಂದ ಬಂದ ಭಾರಿ ಬಾಂಬರುಗಳಿಗೂ ನೆಲದವರಿಗೂ ನಡುವೆ ನೇರ ಮಾತುಕತೆಯ ಸಾಧನವೇ ಇರಲಿಲ್ಲ.

ಅದೇ ಕದನದಲ್ಲಿ ಜನರಲ್ ಕೆಸಾಡಾ ಎಂಬ ವಾಯುಪಡೆಯ ಅಧಿಕಾರಿ ಒಂದು ಸರಳ ಉಪಾಯ ಮಾಡಿದರು. ವಿಮಾನದ ರೇಡಿಯೋ ಸೆಟ್ಟುಗಳನ್ನೇ ಮುಂಚೂಣಿಯ ಟ್ಯಾಂಕುಗಳಲ್ಲಿ ಇರಿಸಿ, ಅದರಲ್ಲಿ ವಿಮಾನದ ಕೆಲಸ ಬಲ್ಲ ಅಧಿಕಾರಿಯನ್ನು ಕೂರಿಸಿದರು. ಮೇಲೆ ಹಾರುವ ಥಂಡರ್‌ಬೋಲ್ಟ್ ಚಾಲಕನಿಗೆ ಟ್ಯಾಂಕಿನೊಳಗಿಂದ ತನ್ನ ಕಸುಬಿನವನ ಧ್ವನಿಯೇ ಕೇಳತೊಡಗಿತು. ವಿಮಾನಗಳ ಒಡೆತನ ಬದಲಾಗಲಿಲ್ಲ. ಬದಲಾದದ್ದು ಮಾತಿನ ದಾರಿ. ಟ್ಯಾಂಕುಗಳ ಸಾಲು ಮುನ್ನುಗ್ಗಿದಂತೆ ಮೇಲೆ ವಿಮಾನಗಳು ದಾರಿ ಬಿಡಿಸುತ್ತ ಹೋದವು.

ಕಾಗದದ ಮೇಲಿನ ಗಡಿರೇಖೆಗಳು

1947ರಲ್ಲಿ ಅಮೆರಿಕದ ವಾಯುಪಡೆ ಭೂಸೇನೆಯಿಂದ ಬೇರೆಯಾಗಿ ಸ್ವತಂತ್ರವಾಯಿತು. ಮರುವರ್ಷ ಕೀ ವೆಸ್ಟ್ ಎಂಬಲ್ಲಿ ಮೂರು ಪಡೆಗಳ ಮುಖ್ಯಸ್ಥರು ಕೂತು ಕೆಲಸ ಹಂಚಿಕೊಂಡರು. ಭೂಸೇನೆಗೆ ನಿಕಟ ನೆರವು ಕೊಡುವ ಹೊಣೆ ವಾಯುಪಡೆಯದಾಯಿತು. ನೌಕಾಪಡೆಯ ಜೊತೆಗಿರುವ ಮೆರೀನ್ ದಳ ಮಾತ್ರ ತನ್ನ ವಿಮಾನಗಳನ್ನು ಉಳಿಸಿಕೊಂಡಿತು.

ಎರಡೇ ವರ್ಷದಲ್ಲಿ ಕೊರಿಯಾ ಯುದ್ಧ ಬಂತು. ಎರಡು ಪದ್ಧತಿಗಳೂ ಅಕ್ಕಪಕ್ಕದಲ್ಲಿ ಕೆಲಸ ಮಾಡಿದವು. ಮೆರೀನ್ ದಳದಲ್ಲಿ ಪ್ರತಿಯೊಂದು ಬೆಟಾಲಿಯನ್ನಿನಲ್ಲೂ ವಿಮಾನಗಳಿಗೆ ಗುರಿ ಹೇಳುವ ತಂಡವಿತ್ತು. ವಾಯುಪಡೆಯ ಪದ್ಧತಿಯಲ್ಲಿ ಅಂಥ ತಂಡ ಇದ್ದದ್ದು ಅದಕ್ಕಿಂತ ಮೇಲಿನ ರೆಜಿಮೆಂಟ್ ಮಟ್ಟದಲ್ಲಿ. 1950ರ ಚಳಿಗಾಲದಲ್ಲಿ ಚೋಸಿನ್ ಜಲಾಶಯದ ಬಳಿ ಚೀನೀ ಪಡೆಗಳ ಮುತ್ತಿಗೆಗೆ ಸಿಕ್ಕಿದ ಮೆರೀನ್ ಡಿವಿಷನ್ ಹೋರಾಡುತ್ತ ಹೊರಬಂದದ್ದರಲ್ಲಿ ಅವರದೇ ವಿಮಾನಗಳ ಪಾತ್ರ ದೊಡ್ಡದು. ನಮಗೂ ಇಂಥ ನೆರವು ಬೇಕು ಎಂದು ಭೂಸೇನೆಯ ಅಧಿಕಾರಿಗಳು ಕೇಳತೊಡಗಿದರು. ಹಡಗಿನಿಂದಿಳಿದು ಕಾದುವ ಮೆರೀನರ ಬಳಿ ಭಾರಿ ಫಿರಂಗಿ ಕಡಿಮೆ, ಅವರಿಗೆ ವಿಮಾನವೇ ಫಿರಂಗಿ. ಇಡೀ ಸೇನೆಗೆ ಅಷ್ಟೊಂದು ವಿಮಾನ ಎಲ್ಲಿಂದ ತರುವುದು ಎಂಬುದು ವಾಯುಪಡೆಯ ಉತ್ತರ.

1966ರಲ್ಲಿ ಇನ್ನೊಂದು ಒಪ್ಪಂದವಾಯಿತು. ಭೂಸೇನೆ ತನ್ನ ಕ್ಯಾರಿಬೂ ಸಾಗಣೆ ವಿಮಾನಗಳನ್ನು ವಾಯುಪಡೆಗೆ ಬಿಟ್ಟುಕೊಟ್ಟಿತು. ಪ್ರತಿಯಾಗಿ ವಾಯುಪಡೆ ಹೆಲಿಕಾಪ್ಟರುಗಳ ಮೇಲಿನ ಹಕ್ಕನ್ನು ಬಿಟ್ಟಿತು. ಮರುವರ್ಷವೇ ಭೂಸೇನೆಯ ಕೋಬ್ರಾ ದಾಳಿ ಹೆಲಿಕಾಪ್ಟರ್ ವಿಯೆಟ್ನಾಮಿಗೆ ಬಂತು. ಭೂಸೇನೆ ಇನ್ನೂ ವೇಗದ, ಶಾಯೆನ್ ಎಂಬ ಹೆಲಿಕಾಪ್ಟರನ್ನು ಸಿದ್ಧಪಡಿಸತೊಡಗಿದಾಗ ವಾಯುಪಡೆಯೂ ಎಚ್ಚೆತ್ತು, ನಿಕಟ ನೆರವಿಗೆಂದೇ ಒಂದು ವಿಮಾನಕ್ಕೆ ಕೈಹಾಕಿತು. 1972ರಲ್ಲಿ ಶಾಯೆನ್ ಯೋಜನೆ ರದ್ದಾಯಿತು, ಅದೇ ವರ್ಷ ಎ-10 ಮೊದಲ ಬಾರಿಗೆ ಹಾರಿತು.

ಎ-10 ನೋಡಲು ಚಂದದ ವಿಮಾನವಲ್ಲ. ಮೂತಿಯಲ್ಲಿ ಏಳು ನಳಿಗೆಗಳ 30 ಮಿ.ಮೀ. ಫಿರಂಗಿ, ಚಾಲಕನ ಸುತ್ತ ಟೈಟಾನಿಯಂ ಲೋಹದ ತೊಟ್ಟಿ. ಪದಾತಿಗಳಿಗೆ ಅದು ಅಚ್ಚುಮೆಚ್ಚು. ಆದರೆ ಅದರ ಒಡೆಯನಾದ ವಾಯುಪಡೆಯೇ ಅದನ್ನು ಕೈಬಿಡಲು ಮತ್ತೆ ಮತ್ತೆ ಯತ್ನಿಸಿತು. 2014ರಲ್ಲಿ ಎಲ್ಲವನ್ನೂ ನಿವೃತ್ತಿಗೊಳಿಸುವ ಪ್ರಸ್ತಾಪವನ್ನು ಅಮೆರಿಕದ ಸಂಸತ್ತು ತಡೆಯಿತು. ಹಲವು ಕೆಲಸ ಮಾಡಬಲ್ಲ ವೇಗದ ವಿಮಾನಕ್ಕೆ ಹಣ ಬೇಕು, ಆಧುನಿಕ ಕ್ಷಿಪಣಿಗಳ ಎದುರು ನಿಧಾನದ ವಿಮಾನ ಉಳಿಯದು ಎಂಬುದು ವಾಯುಪಡೆಯ ಕಾರಣ. ಕಾರಣದಲ್ಲಿ ಹುರುಳಿದೆ. ಆದರೆ ಇಲ್ಲೊಂದು ಸತ್ಯವೂ ಇದೆ: ಯಾರ ಬಳಿ ಒಡೆತನವಿದೆಯೋ, ಹಣದ ಅಭಾವ ಬಂದಾಗ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬುದನ್ನು ಅವರೇ ಮೊದಲು ತೀರ್ಮಾನಿಸುತ್ತಾರೆ.

ನಮ್ಮ ದೇಶದಲ್ಲಿ

1932ರಲ್ಲಿ ಸ್ಥಾಪನೆಯಾದ ಭಾರತೀಯ ವಾಯುಪಡೆಯ ಮೊದಲ ಕೆಲಸವೇ ಭೂಸೇನೆಗೆ ಸಹಕಾರ. ಅದರ ಮೊದಲ ಸ್ಕ್ವಾಡ್ರನ್ ವಾಪಿಟಿ ವಿಮಾನಗಳಲ್ಲಿ ವಾಯವ್ಯ ಗಡಿನಾಡಿನಲ್ಲಿ ದುಡಿಯಿತು. ಆದರೂ ಈ ಸಹಕಾರ ಸದಾ ಸುಸೂತ್ರವಾಗಿ ನಡೆಯಿತೆಂದಲ್ಲ.

1965ರ ಸೆಪ್ಟೆಂಬರ್ 1ರಂದು ಛಂಬ್ ಪ್ರದೇಶದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದಾಗ ಭೂಸೇನೆ ವಾಯುಪಡೆಯ ನೆರವು ಕೋರಿತು. ಒಪ್ಪಿಗೆ ದೊರೆತು ವಿಮಾನಗಳು ಪಠಾಣಕೋಟೆಯಿಂದ ಮೇಲೇರುವ ಹೊತ್ತಿಗೆ ಸಂಜೆಯಾಗಿತ್ತು. ಹಳೆಯ ಕಾಲದ ವ್ಯಾಂಪೈರ್ ವಿಮಾನಗಳಲ್ಲಿ ನಾಲ್ಕನ್ನು ನಾವು ಕಳೆದುಕೊಂಡೆವು. ಗುರುತು ತಪ್ಪಿ ಕೆಲವು ದಾಳಿಗಳು ನಮ್ಮವರ ಮೇಲೆಯೇ ಬಿದ್ದವು. ಆರು ವರ್ಷಗಳ ನಂತರ ಲೊಂಗೇವಾಲಾದಲ್ಲಿ ಚಿತ್ರ ಬೇರೆಯಾಗಿತ್ತು. ನೆಲೆ ಹತ್ತಿರವಿತ್ತು, ಮೇಲಿನಿಂದ ನೋಡಿ ಹೇಳುವ ಕಣ್ಣಿತ್ತು, ಆ ಕಣ್ಣಿಗೂ ಹಂಟರ್ ಚಾಲಕರಿಗೂ ನಡುವೆ ರೇಡಿಯೋ ಮಾತಿತ್ತು.

1986ರ ನವೆಂಬರ್ 1ರಂದು ಭೂಸೇನೆಯ ಸ್ವಂತ ವೈಮಾನಿಕ ದಳ ಹುಟ್ಟಿತು. ಹಗುರ ಹೆಲಿಕಾಪ್ಟರುಗಳು ಅದರ ಪಾಲಾದವು. ದಾಳಿ ಹೆಲಿಕಾಪ್ಟರುಗಳ ಮಟ್ಟಿಗೆ ಒಂದು ನಡುದಾರಿ ಕಂಡುಕೊಂಡರು: ಕಾರ್ಯಾಚರಣೆಯಲ್ಲಿ ಅವು ಭೂಸೇನೆಯ ಹತೋಟಿಯಲ್ಲಿ, ಆದರೆ ಒಡೆತನ, ಚಾಲಕರು, ನಿರ್ವಹಣೆ ಎಲ್ಲವೂ ವಾಯುಪಡೆಯದು.

1999ರ ಕಾರ್ಗಿಲ್ ಯುದ್ಧ ಈ ಏರ್ಪಾಟನ್ನು ಪರೀಕ್ಷಿಸಿತು. ಮೇ ತಿಂಗಳಲ್ಲಿ ಭೂಸೇನೆ ಸಶಸ್ತ್ರ ಹೆಲಿಕಾಪ್ಟರುಗಳನ್ನು ಕೇಳಿತು. ಅಷ್ಟು ಎತ್ತರದಲ್ಲಿ ನಮ್ಮ ದಾಳಿ ಹೆಲಿಕಾಪ್ಟರುಗಳು ಕೆಲಸ ಮಾಡಲಾರವು, ವಾಯುಶಕ್ತಿ ಬಳಸಲು ಸರ್ಕಾರದ ಒಪ್ಪಿಗೆಯೂ ಬೇಕು ಎಂದಿತು ವಾಯುಪಡೆ. ಇದರ ಹಿಂದೆ ವಿಜ್ಞಾನವಿದೆ. 5,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇಕಡಾ 60ರಷ್ಟು ಮಾತ್ರ. ಹೆಲಿಕಾಪ್ಟರಿನ ರೆಕ್ಕೆಗಳಿಗೆ ಹಿಡಿತ ಸಿಗಬೇಕಾದದ್ದು ಆ ಗಾಳಿಯಿಂದಲೇ, ಎಂಜಿನ್ ಉಸಿರಾಡಬೇಕಾದದ್ದೂ ಅದನ್ನೇ. ಬಯಲುಸೀಮೆಗೆ ತಕ್ಕಂತೆ ಮಾಡಿದ ಭಾರದ ಯಂತ್ರ ಅಲ್ಲಿ ಏದುಸಿರು ಬಿಡುತ್ತದೆ.

ಮೇ 26ರಂದು ವಾಯುದಾಳಿ ಆರಂಭವಾಯಿತು. 27ರಂದು ಎರಡು ಯುದ್ಧವಿಮಾನಗಳನ್ನು ಕಳೆದುಕೊಂಡೆವು. 28ರಂದು ರಾಕೆಟ್ ದಾಳಿಗೆ ಹೋಗಿದ್ದ ಎಂಐ-17 ಹೆಲಿಕಾಪ್ಟರ್ ತೋಲೋಲಿಂಗ್ ಬಳಿ ಕ್ಷಿಪಣಿಗೆ ಸಿಕ್ಕಿ, ಅದರಲ್ಲಿದ್ದ ನಾಲ್ವರೂ ವೀರಮರಣ ಹೊಂದಿದರು. ಬಳಿಕ ವಿಧಾನ ಬದಲಾಯಿತು. ಮಿರಾಜ್ ವಿಮಾನಗಳು ಭುಜದ ಮೇಲಿಂದ ಹಾರಿಸುವ ಕ್ಷಿಪಣಿಗಳಿಗೆ ನಿಲುಕದ ಎತ್ತರದಿಂದ ಎರಗಿದವು. ಜೂನ್ 24ರಂದು ಟೈಗರ್ ಹಿಲ್ ಮೇಲೆ ಲೇಸರ್ ನಿರ್ದೇಶಿತ ಬಾಂಬ್ ಬಿತ್ತು. ಯಾರ ವಿಮಾನ ಎಂಬುದಕ್ಕಿಂತ ಎಂಥ ವಿಮಾನ, ಯಾವಾಗಿನಿಂದ ಜಂಟಿ ಯೋಜನೆ ಎಂಬುದೇ ಇಲ್ಲಿ ಮುಖ್ಯವಾಯಿತು.

ಕಾರ್ಗಿಲ್‌ನ ಅನುಭವದಿಂದಲೇ ಎತ್ತರದ ಬೆಟ್ಟಗಳಿಗೆ ತಕ್ಕ ಹಗುರ ದಾಳಿ ಹೆಲಿಕಾಪ್ಟರಿನ ಯೋಚನೆ ಮೂಡಿತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡ ಅದೇ 'ಪ್ರಚಂಡ'. 5,000 ಮೀಟರ್ ಎತ್ತರದಲ್ಲೂ ಶಸ್ತ್ರಭಾರದೊಂದಿಗೆ ಇಳಿದು ಏರಬಲ್ಲದು. ಇನ್ನು ಮುಂದೆ ಕೊಳ್ಳುವ ದಾಳಿ ಹೆಲಿಕಾಪ್ಟರುಗಳು ಭೂಸೇನೆಯವು ಎಂದು 2012ರಲ್ಲಿ ಸರ್ಕಾರ ತೀರ್ಮಾನಿಸಿತ್ತು. ಆದರೆ 22 ಅಪಾಚೆಗಳು ವಾಯುಪಡೆಗೇ ಹೋದವು. ಭೂಸೇನೆಯ ಆರು ಅಪಾಚೆಗಳು 2025ರಲ್ಲಿ ಬರತೊಡಗಿದವು. 2025ರ ಮಾರ್ಚಿನಲ್ಲಿ 156 ಪ್ರಚಂಡಗಳಿಗೆ ಒಪ್ಪಂದವಾಯಿತು: 90 ಭೂಸೇನೆಗೆ, 66 ವಾಯುಪಡೆಗೆ. ಬೆಂಗಳೂರು ಮತ್ತು ತುಮಕೂರಿನ ಕಾರ್ಖಾನೆಗಳಿಂದ ಹೊರಬರುವ ಒಂದೇ ಯಂತ್ರ ಎರಡು ಸಮವಸ್ತ್ರ ತೊಡಲಿದೆ.

ವಾದ ಮುಗಿದಿಲ್ಲ ಎಂಬುದಕ್ಕೆ ಇನ್ನೊಂದು ನಿದರ್ಶನ. 2021ರ ಜುಲೈನಲ್ಲಿ ಆಗಿನ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರು ವಾಯುಪಡೆ ಭೂಸೇನೆಗೆ ಬೆಂಬಲ ನೀಡುವ ಅಂಗ ಎಂಬರ್ಥದ ಮಾತಾಡಿದಾಗ, ವಾಯುಪಡೆಯ ಅಂದಿನ ಮುಖ್ಯಸ್ಥ ಭದೌರಿಯಾ ಅವರು ಅದನ್ನು ಒಪ್ಪದೆ, ವಾಯುಶಕ್ತಿಯ ಪಾತ್ರ ಬಹಳ ದೊಡ್ಡದೆಂದು ಬಹಿರಂಗವಾಗಿಯೇ ಉತ್ತರಿಸಿದರು.

ಹಾಗಾದರೆ ಉತ್ತರವೇನು?

ನಮ್ಮ ಕಸುಬಿನಿಂದ ಒಂದು ಹೋಲಿಕೆ ಕೊಡುತ್ತೇನೆ. ಕ್ರಿಕೆಟ್ ಪಂದ್ಯದ ನೇರ ಪ್ರಸಾರಕ್ಕೆ ಮೈದಾನದ ಸುತ್ತ ಹಲವು ಕ್ಯಾಮರಾಗಳಿರುತ್ತವೆ. ಕ್ಯಾಮರಾ ಯಾವ ಕೇಂದ್ರದಿಂದ ಬಂದದ್ದು ಎಂಬುದು ಮುಖ್ಯವಲ್ಲ. ಪ್ರತಿಯೊಬ್ಬ ಕ್ಯಾಮರಾಮನ್ನಿನ ಕಿವಿಯಲ್ಲೂ ನಿರ್ದೇಶಕನ ಧ್ವನಿ ಇರಬೇಕು, ಇಬ್ಬರಿಗೂ ಒಂದೇ ಪರಿಭಾಷೆ ಗೊತ್ತಿರಬೇಕು. ಆ ತಂತಿ ಕಡಿದರೆ ಎಷ್ಟೇ ಬೆಲೆಬಾಳುವ ಕ್ಯಾಮರಾ ಇದ್ದರೂ ಚೆಂಡು ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಅಲ್ಲಿ ಹಾಳಾಗುವುದು ಚಿತ್ರ. ಯುದ್ಧಭೂಮಿಯಲ್ಲಿ ಹೋಗುವುದು ಜೀವ.

ಈ ಎಲ್ಲ ಉದಾಹರಣೆಗಳಿಂದ ನನಗೆ ತೋರುವುದು ಇಷ್ಟು. ಸೈನಿಕರ ಜೊತೆಯಲ್ಲೇ ಮುಂಚೂಣಿಯಲ್ಲಿ ನೆಲೆಸಬಲ್ಲ ಹೆಲಿಕಾಪ್ಟರುಗಳು ಭೂಸೇನೆಯಲ್ಲಿರುವುದು ಸಹಜ. ದೂರದ ನೆಲೆಯಿಂದ ಬಂದು, ಇಂದು ಟ್ಯಾಂಕನ್ನೂ ನಾಳೆ ಶತ್ರುವಿಮಾನವನ್ನೂ ಎದುರಿಸಬೇಕಾದ ವೇಗದ ವಿಮಾನಗಳು ವಾಯುಪಡೆಯ ಒಂದೇ ಆಜ್ಞೆಯಲ್ಲಿರುವುದು ಲೇಸು. ಆದರೆ ಇವೆರಡರ ನಡುವೆ ನಿಂತು ಗುರಿ ಹೇಳುವವನು, ಅಂದರೆ ಫಾರ್ವರ್ಡ್ ಏರ್ ಕಂಟ್ರೋಲರ್, ಎರಡೂ ಪಡೆಗಳ ಭಾಷೆ ಬಲ್ಲವನಾಗಿರಬೇಕು. ಅವನಿಗೆ ಹೊಂದುವ ರೇಡಿಯೋ, ಒಂದೇ ನಕ್ಷೆ, ಶಾಂತಿಕಾಲದಲ್ಲೇ ಜಂಟಿ ಅಭ್ಯಾಸ, ಇವುಗಳ ಖರ್ಚನ್ನು ಯಾವ ಪಡೆಯೂ ಇನ್ನೊಬ್ಬರ ಲೆಕ್ಕಕ್ಕೆ ತಳ್ಳಬಾರದು. ಒಡೆತನವನ್ನು ಹೇಗೇ ಹಂಚಿದರೂ ಈ ಕೊಂಡಿ ಗಟ್ಟಿಯಿದ್ದಲ್ಲಿ ಸೈನಿಕ ಉಳಿದಿದ್ದಾನೆ. ಇಲ್ಲದಿದ್ದಲ್ಲಿ ನಮ್ಮವರ ಬಾಂಬಿಗೇ ಬಲಿಯಾಗಿದ್ದಾನೆ.

ಕಾಲವೂ ಬದಲಾಗುತ್ತಿದೆ. 2022ರಲ್ಲಿ ರಷ್ಯಾ ದಾಳಿಯೊಂದಿಗೆ ಭುಗಿಲೆದ್ದ ಯುಕ್ರೇನ್ ಯುದ್ಧದಲ್ಲಿ ಪದಾತಿ ತುಕಡಿಗಳೇ ಸಣ್ಣ ಡ್ರೋನುಗಳನ್ನು ಹಾರಿಸಿ ಎದುರಿನ ಟ್ಯಾಂಕುಗಳನ್ನು ಹೊಡೆಯುತ್ತಿರುವುದನ್ನು ಜಗತ್ತು ಕಂಡಿದೆ. ಹಿಂದೆ ವಾಯುಪಡೆಯನ್ನು ಕೇಳಿ ಪಡೆಯಬೇಕಿದ್ದ ನೆರವಿನ ಒಂದು ಪಾಲು ಈಗ ಸೈನಿಕನ ಬೆನ್ನಚೀಲದಲ್ಲೇ ಇದೆ. ಆದರೆ ಆ ಡ್ರೋನು ಹಾರುವ ಆಕಾಶದಲ್ಲೇ ನಮ್ಮ ಹೆಲಿಕಾಪ್ಟರೂ, ನಮ್ಮ ಫಿರಂಗಿಯ ಗುಂಡೂ, ನಮ್ಮ ವಿಮಾನವೂ ಹಾಯಬೇಕು. ಯಾರು ಯಾವಾಗ ಎಲ್ಲಿ ಎಂಬುದನ್ನು ಹೇಳುವವರು ಯಾರು? ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಮರಳಿ ಬಂದಿದೆ.

ನಿಮ್ಮ ಚರ್ಚೆಗೆ

1. ನಿಮ್ಮ ಬಳಿ ಇರುವುದು 12 ವಿಮಾನ, ಕದನ ನಡೆಯುತ್ತಿರುವುದು ಆರು ಕಡೆ. ಎರಡೆರಡರಂತೆ ಹಂಚುವಿರೋ, ಒಟ್ಟಿಗೆ ಬಳಸುವಿರೋ? ಏಕೆ?

2. ನೀವು ಠಾಣೆಯಲ್ಲಿರುವ ಮೇಜರ್ ಆಗಿದ್ದರೆ ಯಾವ ಉತ್ತರ ಕೊಡುತ್ತೀರಿ? ವಾಯುನೆಲೆಯ ಅಧಿಕಾರಿಯಾಗಿದ್ದರೆ? ಎರಡೂ ಉತ್ತರಗಳನ್ನು ಬರೆದು ಹೋಲಿಸಿ ನೋಡಿ.

3. ವಿಮಾನದ ವೇಗ ಗಂಟೆಗೆ 900 ಕಿಲೋಮೀಟರಿನಿಂದ 300 ಕಿಲೋಮೀಟರಿಗೆ ಇಳಿದರೆ, ಅದೇ ವೇಗೋತ್ಕರ್ಷದಲ್ಲಿ ತಿರುವಿನ ತ್ರಿಜ್ಯ ಎಷ್ಟಾಗುತ್ತದೆ? ಆ ಲಾಭಕ್ಕೆ ಚಾಲಕ ತೆರಬೇಕಾದ ಬೆಲೆ ಏನು?